ಹನಿ ಬಿದ್ದ ಠಾವು, ಹನಿ ಹುಟ್ಟಿದ ಠಾವು

ಒಕ್ಕಲುತನದ ಮನೆಗಳಲ್ಲಿ ಎತ್ತುಗಳು ನಿಲ್ಲುತ್ತಿದ್ದ ಠಾವಿನಲ್ಲಿ ಇಂದು ಸಣ್ಣ ಟ್ರ್ಯಾಕ್ಟರುಗಳು ಬಂದು ನಿಂತಿವೆ. ಇಪ್ಪತ್ತು ಅಶ್ವಶಕ್ತಿಯ ಆಚೀಚೆಗಿನ ಈ ಯಂತ್ರಗಳು ಕಬ್ಬಿನ ಸಾಲುಗಳ ನಡುವೆ, ದ್ರಾಕ್ಷಿಯ ಚಪ್ಪರದ ಕೆಳಗೆ, ದೊಡ್ಡ ಟ್ರ್ಯಾಕ್ಟರು ಕಾಲಿಡಲಾರದ ಕಡೆಗಳಲ್ಲಿ ನುಸುಳಿ ಕೆಲಸ ಮಾಡುತ್ತವೆ. ಎತ್ತಿಗೆ ಬೇನೆ ಬಂದರೆ ಮೇವು ಬಿಡುತ್ತದೆ, ಕಿವಿ ಜೋಲುತ್ತವೆ, ಮೂಗು ಒಣಗುತ್ತದೆ. ಮನೆಯ ಸಣ್ಣ ಮಕ್ಕಳಿಗೂ ಅದು ತಿಳಿಯುತ್ತಿತ್ತು. ಯಂತ್ರದ ಲಕ್ಷಣ ನೋಡಿ ಬೇನೆಯನ್ನು ಅರಿಯುವ ವಿದ್ಯೆ ಮಾತ್ರ ನಮ್ಮ ಮನೆಗಳಿಗೆ ಇನ್ನೂ ಪೂರ್ತಿ ಬಂದಿಲ್ಲ. ಇಲ್ಲಿ ನಾವು ವಿಚಾರಿಸಹೊರಟಿರುವುದು ಅಂಥ ಒಂದೇ ಒಂದು ಲಕ್ಷಣವನ್ನು: ನಿಂತ ಟ್ರ್ಯಾಕ್ಟರಿನ ಕೆಳಗೆ ನೆಲದ ಮೇಲೆ ಬೀಳುವ ಎಣ್ಣೆಯ ಹನಿಯನ್ನು.

ಒಂದು ಹನಿ ತಾನೇ ಎಂಬ ಅಸಡ್ಡೆ ಬಹಳ ಮನೆಗಳಲ್ಲಿದೆ. ಸುಮಾರು ಇಪ್ಪತ್ತು ಹನಿ ಕೂಡಿದರೆ ಒಂದು ಮಿಲಿಲೀಟರ್. ನಿಮಿಷಕ್ಕೊಂದು ಹನಿಯಂತೆ ಎಡೆಬಿಡದೆ ಬಿದ್ದರೆ ಹಗಲು ರಾತ್ರಿ ಕೂಡಿ 1440 ಹನಿ, ಎಂದರೆ 72 ಮಿಲಿಲೀಟರ್. ಒಂದು ತಿಂಗಳಿಗೆ ಎರಡು ಲೀಟರಿಗೂ ಮೇಲೆ. ಸಣ್ಣ ಎಂಜಿನ್ನಿನ ಚೇಂಬರಿನಲ್ಲಿ ಇರುವ ಎಣ್ಣೆಯೇ ಮೂರು ನಾಲ್ಕು ಲೀಟರ್. ಸೋರಿಕೆ ಬಹುಮಟ್ಟಿಗೆ ಎಂಜಿನ್ ನಡೆಯುವಾಗ ಮಾತ್ರ ಇರುವುದರಿಂದ ಈ ಲೆಕ್ಕವನ್ನು ಹಾಗೆಯೇ ಹಿಡಿಯಬೇಕಾಗಿಲ್ಲ. ಆದರೂ ಹನಿಯ ಅಳತೆ ಎಂಥದೆಂಬ ಅರಿವು ಇರಬೇಕು. ನಮ್ಮ ಬಾಲ್ಯದಲ್ಲಿ ಚಕ್ಕಡಿಯ ಅಚ್ಚಿನಿಂದ ಹರಳೆಣ್ಣೆ ಜಿನುಗುವುದು ಒಳ್ಳೆಯ ಲಕ್ಷಣವಾಗಿತ್ತು. ಜಿನುಗಿದರೆ ಒಳಗೆ ಎಣ್ಣೆಯಿದೆಯೆಂದು ಅರ್ಥ; ಒಣಗಿದ ಅಚ್ಚು ಊರಿಗೆಲ್ಲ ಕೇಳಿಸುವಂತೆ ಕಿರುಗುಟ್ಟುತ್ತಿತ್ತು. ಎಂಜಿನ್ನಿನ ಸ್ವಭಾವ ಇದಕ್ಕೆ ವಿರುದ್ಧ. ಒಳಗಿನ ಎಣ್ಣೆ ತೀರುವವರೆಗೂ ಅದು ಸುಮ್ಮನಿರುತ್ತದೆ. ಸದ್ದು ಕೇಳುವ ಹೊತ್ತಿಗೆ ಬೇರಿಂಗು ಸುಟ್ಟಿರುತ್ತದೆ.

ನಮ್ಮ ತಮ್ಮನ ಮಗ 2021ರಲ್ಲಿ ಸಾಲ ಮಾಡಿ ಅಂಥ ಒಂದು ಯಂತ್ರವನ್ನು ಕೊಂಡ. ಸ್ವಂತ ಹೊಲ ಆರು ಎಕರೆ; ಉಳಿದ ದಿನಗಳಲ್ಲಿ ಊರವರ ಹೊಲಕ್ಕೆ ಬಾಡಿಗೆಗೆ ಹೋಗಿ ಕಂತು ತೀರಿಸುವುದು ಅವನ ಎಣಿಕೆ. ಎರಡು ವರ್ಷ ಎಣಿಕೆಯಂತೆಯೇ ನಡೆಯಿತು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿದ ವರ್ಷವದು. ಬೆಳೆಯೇ ಇಲ್ಲದ ಹೊಲಕ್ಕೆ ಎಡೆ ಹೊಡೆಸುವವರು ಯಾರು? ಮೂರು ಕಂತು ಬಾಕಿ ಉಳಿದವು. 2024ರ ಮುಂಗಾರು ಚೆನ್ನಾಗಿ ಹಿಡಿದಾಗ ಮನೆಯವರೆಲ್ಲರ ಮುಖದಲ್ಲಿ ಮತ್ತೆ ಕಳೆ ಬಂತು. ಅದೇ ಜುಲೈ ತಿಂಗಳಿನಲ್ಲಿ, ಸೋಯಾ ಬೆಳೆಗೆ ಎಡೆ ಹೊಡೆಯುವ ಹದದಲ್ಲಿ, ಟ್ರ್ಯಾಕ್ಟರಿನ ನಡುವಿನ ಭಾಗದಿಂದ, ಎಂಜಿನ್ನು ಗೇರ್‌ಬಾಕ್ಸುಗಳು ಕೂಡುವ ಸಂದಿನ ತಳದಿಂದ, ಎಣ್ಣೆ ತೊಟ್ಟಿಕ್ಕತೊಡಗಿತು. ಗೇಜ್ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ವಾರವಾರಕ್ಕೂ ಇಳಿಯುತ್ತ ಬಂತು.

ಪಟ್ಟಣದ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದಾಗ ಅಲ್ಲಿಯವರು ಕೆಳಗೆ ಬಗ್ಗಿ ಒಮ್ಮೆ ನೋಡಿ ತೀರ್ಪು ಕೊಟ್ಟುಬಿಟ್ಟರು: ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ. ಆ ಸೀಲು ಇರುವುದು ಎಂಜಿನ್ನಿನ ಬೆನ್ನಿಗೆ, ಫ್ಲೈವೀಲಿನ ಒಳಮಗ್ಗುಲಲ್ಲಿ. ಅದನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು, ಕ್ಲಚ್ಚನ್ನು ಇಳಿಸಬೇಕು, ಫ್ಲೈವೀಲನ್ನು ತೆಗೆಯಬೇಕು. ಹೇಗೂ ಬಿಚ್ಚಿದ ಮೇಲೆ ಕ್ಲಚ್ ಪ್ಲೇಟನ್ನೂ ಬದಲಿಸುವುದು ಮೇಲೆಂದು ಸೂಚನೆ. ಐದಾರು ದಿನ ಯಂತ್ರ ಅಲ್ಲಿಯೇ ನಿಲ್ಲಬೇಕು, ಇಪ್ಪತ್ತು ಸಾವಿರದ ಸಮೀಪ ಖರ್ಚು. ದುಡ್ಡಿಗಿಂತಲೂ ದಿನಗಳ ಲೆಕ್ಕ ಭಾರವಾಗಿತ್ತು. ಎರಡು ಮಳೆಗಳ ನಡುವೆ ಎರೆಮಣ್ಣಿನಲ್ಲಿ ಹದ ಉಳಿಯುವುದು ಕೆಲವೇ ದಿನ. ಆ ದಿನಗಳು ಕಳೆದರೆ ಕಳೆ ಬೆಳೆಯನ್ನು ಮೀರುತ್ತದೆ, ಬಾಡಿಗೆಯವರು ಬೇರೊಬ್ಬರನ್ನು ಕರೆಯುತ್ತಾರೆ. ಹುಡುಗ ಟ್ರ್ಯಾಕ್ಟರನ್ನು ಮನೆಗೆ ತಂದು ನಿಲ್ಲಿಸಿ, ಬಂದ ಬೆಲೆಗೆ ಮಾರಿಬಿಡುವ ಮಾತನ್ನು ಆಡಿದ. ತಮ್ಮನ ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲ.

ಇರಲಿ. ಆ ವರ್ಕ್‌ಶಾಪಿನವರು ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ಅವರು ಹೇಳಿದ ರೋಗ ಇರುವಂಥದ್ದೇ, ಅದರ ಲಕ್ಷಣವೂ ಅದೇ. ನಾವು ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಕಳೆದವರು. ಅಲ್ಲಿ ತರ್ಕವನ್ನು ಆರಂಭಿಸುವ ಹುಡುಗನಿಗೆ ಮೊದಲು ಹೇಳಿಕೊಡುವ ಪಾಠವೊಂದಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಿಂದಿನ ಸೀಲು ಹೋದರೆ ಆ ಸಂದು ಎಣ್ಣೆಯಾಗುವುದು ನಿಜ. ಆ ಸಂದು ಎಣ್ಣೆಯಾದ ಮಾತ್ರಕ್ಕೆ ಸೀಲು ಹೋಗಿದೆಯೆಂಬುದು ಸಿದ್ಧವಾಗುವುದಿಲ್ಲ. ಎಣ್ಣೆ ಮೇಲಿನಿಂದ ಕೆಳಗೆ ಹರಿಯುತ್ತದೆ. ಎಂಜಿನ್ನಿನ ಮುಂದಿರುವ ಫ್ಯಾನು ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಎಂಜಿನ್ನಿನ ಯಾವ ಭಾಗದಿಂದ ಸೋರಿದ ಎಣ್ಣೆಯೇ ಆಗಲಿ, ಕಟ್ಟಕಡೆಗೆ ಕೆಳಗಿನ ಹಿಂದಿನ ಮೂಲೆಗೇ ಬಂದು ಸೇರುತ್ತದೆ. ಹನಿ ಬೀಳುವ ಠಾವು ಎಲ್ಲ ಸೋರಿಕೆಗಳಿಗೂ ಸಾಧಾರಣ. ಹುಡುಕಬೇಕಾದದ್ದು ಹನಿ ಹುಟ್ಟುವ ಠಾವನ್ನು.

ಈ ಮಾತನ್ನು ನಾವು ಶಾಸ್ತ್ರದ ದಾರಿಯಿಂದ ಹೇಳಬಲ್ಲೆವು. ಮಾಡಿ ತೋರಿಸಬಲ್ಲವರು ನಮ್ಮ ಊರಿನಲ್ಲಿ ಬೇರೊಬ್ಬರಿದ್ದರು. ನೀರೆತ್ತುವ ಡೀಸೆಲ್ ಎಂಜಿನ್ನುಗಳ ಕಾಲದಿಂದ ಕೆಲಸ ಮಾಡುತ್ತ ಬಂದ ಹಿರಿಯ ಮಿಸ್ತ್ರಿ. ಕಣ್ಣು ಮಂಜಾದದ್ದರಿಂದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಹೇಳಿಕಳುಹಿಸಿದಾಗ ಬರಿಗೈಯಲ್ಲಿ ಬಂದರು. ಪಾನ ತರಲಿಲ್ಲವೇ ಎಂದು ಹುಡುಗ ಕೇಳಿದರೆ, “ಇವತ್ತ ಬಿಚ್ಚೂದಿಲ್ಲೋ ತಮ್ಮಾ, ಬರೇ ನೋಡೂದು” ಎಂದರು. ನಮ್ಮ ಕಡೆ ತಿರುಗಿ, “ಶಾಸ್ತ್ರಿಗಳ, ಹಸಿ ಆದ ಜಾಗಾ ನೋಡಿ ಬಿಚ್ಚಾಕ ಕುಂತ್ರ ಇಡೀ ಟ್ರ್ಯಾಕ್ಟರ್ ಬಿಚ್ಚಬೇಕಾಕ್ಕೈತಿ. ಮೊದ್ಲ ಮೈ ತೊಳಸ್ರಿ” ಎಂದರು.

ಅವರು ಮಾಡಿದ ಮೊದಲ ಕೆಲಸ, ರಾತ್ರಿ ಟ್ರ್ಯಾಕ್ಟರಿನ ಕೆಳಗೆ ಬಿಳಿಯ ರಟ್ಟನ್ನು ಹಾಸಿ, ಗಾಲಿಗಳ ಗುರುತನ್ನು ಅದರ ಮೇಲೆ ಸೀಸದ ಕಡ್ಡಿಯಿಂದ ಬರೆದದ್ದು. ಬೆಳಿಗ್ಗೆ ರಟ್ಟಿನ ಮೇಲಿನ ಕಲೆಯೇ ಅರ್ಧ ಕತೆ ಹೇಳಿತು. ಕಪ್ಪಾಗಿ ತೆಳುವಾಗಿ ಇದ್ದದ್ದು ಎಂಜಿನ್ನಿನ ಎಣ್ಣೆ. ಗೇರ್‌ಬಾಕ್ಸಿನದಾಗಿದ್ದರೆ ಹೊಂಬಣ್ಣವೋ ಕಂದುಬಣ್ಣವೋ ಆಗಿ ಮೂಗಿಗೆ ಬೇರೆ ವಾಸನೆ ಹೊಡೆಯುತ್ತದೆ. ಡೀಸೆಲ್ ಆಗಿದ್ದರೆ ಹನಿ ನಿಲ್ಲದೆ ರಟ್ಟಿನಲ್ಲಿ ಅಗಲವಾಗಿ ಹರಡುತ್ತದೆ. ಅನೇಕ ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಹಿಂದಿನ ಎತ್ತುಗೈಗೂ ಒಂದೇ ಎಣ್ಣೆ ಇರುವುದರಿಂದ ಹಿಂಭಾಗದ ಕಲೆಯಿಂದ ಇವೆರಡನ್ನು ಬೇರ್ಪಡಿಸಲಾಗದು. ಆದರೆ ಎಂಜಿನ್ನಿನದೋ ಅಲ್ಲವೋ ಎಂಬುದಕ್ಕೆ ಒಂದು ಬಿಳಿಯ ರಟ್ಟು ಸಾಕು. ಇದು ನಯಾಪೈಸೆ ಖರ್ಚಿಲ್ಲದ ಪರೀಕ್ಷೆ, ಮನೆಯ ಯಾರೂ ಮಾಡಬಹುದಾದದ್ದು.

ಮರುದಿನ ಎಂಜಿನ್ ಪೂರ್ತಿ ತಣ್ಣಗಿರುವಾಗ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಮೈಯನ್ನೆಲ್ಲ ಉಜ್ಜಿಸಿದರು. ವರ್ಷಗಳಿಂದ ಧೂಳೂ ಎಣ್ಣೆಯೂ ಬೆರೆತು ಕಟ್ಟಿದ ಜಿಡ್ಡು ಹಕ್ಕಳೆಯಾಗಿ ಬಿದ್ದಿತು. ಆಮೇಲೆ ಸೋಪಿನ ನೀರು, ಆಮೇಲೆ ಒಣಬಟ್ಟೆ, ಅರ್ಧ ದಿನದ ಬಿಸಿಲು. ನೀರನ್ನು ಜೋರಾಗಿ ಹಾರಿಸಲು ಅವರು ಬಿಡಲಿಲ್ಲ. ಡೈನಮೋ, ವೈರುಗಳು, ಗಾಳಿ ಸೇದುವ ಬಾಯಿ ಇವುಗಳಿಗೆ ಮೊದಲೇ ಪ್ಲಾಸ್ಟಿಕ್ ಚೀಲ ಕಟ್ಟಿಸಿದ್ದರು. ಆಮೇಲೆ ಅವರು ಕೇಳಿದ್ದು ಮುಖಕ್ಕೆ ಹಚ್ಚುವ ಪೌಡರನ್ನು. ಮನೆಯಲ್ಲಿ ಇದ್ದದ್ದು ಕೂಸಿನ ಪೌಡರ್ ಡಬ್ಬಿಯೊಂದೇ. ಎಂಜಿನ್ನಿಗೆ ಕೂಸಿನ ಪೌಡರ್ ಬಳಿಯುವುದನ್ನು ಕಂಡ ತಮ್ಮನ ಹೆಂಡತಿ, ಇನ್ನು ಕಣ್ಣಿಗೆ ಕಾಡಿಗೆಯೊಂದು ಬಾಕಿ ಎಂದಳು. ಎರಡು ವಾರದ ನಂತರ ಆ ಮನೆಯಲ್ಲಿ ನಗೆ ಕೇಳಿಸಿದ್ದು ಅಂದೇ. ಒಣಗಿದ ಲೋಹದ ಮೇಲೆ ಪೌಡರನ್ನು ಊದಿದರೆ ತೆಳುವಾಗಿ ಕೂಡುತ್ತದೆ. ಎಣ್ಣೆಯ ಎಳೆ ಎಲ್ಲಿ ಹೊರಬಂದರೂ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಫ್ಯಾನಿನ ಗಾಳಿಗೆ ಪೌಡರ್ ಹಾರಿಹೋಗುವುದರಿಂದ ಎಂಜಿನ್ನನ್ನು ನಿಧಾನಗತಿಯಲ್ಲಿ ನಡೆಸಬೇಕು.

ಹತ್ತು ನಿಮಿಷ ಏನೂ ಕಾಣಲಿಲ್ಲ. ಎಣ್ಣೆ ಕಾದು ತೆಳುವಾಗುವವರೆಗೆ ಕಾಯಬೇಕೆಂದು ಮಿಸ್ತ್ರಿ ಕುಳಿತೇ ಇದ್ದರು. ಇಪ್ಪತ್ತನೆಯ ನಿಮಿಷದ ಸುಮಾರಿಗೆ ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ, ಡೀಸೆಲ್ ಟ್ಯಾಂಕಿನ ಮರೆಯಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮೂಡಿತು. ಅದು ಎಂಜಿನ್ನಿನ ಬೆನ್ನಗುಂಟ ಇಳಿದು, ಕ್ಲಚ್ ಹೌಸಿಂಗಿನ ಹೊರಮೈಯನ್ನು ಹಿಡಿದು, ಸರಿಯಾಗಿ ಆ ಸಂದಿನ ತಳಕ್ಕೆ ಬಂದು ಹನಿಯಾಯಿತು. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ರಂಧ್ರವಿದ್ದು ಅದರಲ್ಲಿ ಒಂದು ಪಿನ್ನು ತೂಗುತ್ತಿರುತ್ತದೆ. ಹಿಂದಿನ ಸೀಲಾಗಲಿ ಗೇರ್‌ಬಾಕ್ಸಿನ ಮುಂದಿನ ಸೀಲಾಗಲಿ ಸೋರಿದರೆ ಎಣ್ಣೆ ಒಳಗೆ ಕೂಡಿ ಆ ರಂಧ್ರದಿಂದ ಹೊರಬರಲೆಂದೇ ಅದನ್ನು ಇಟ್ಟಿರುತ್ತಾರೆ. ಮಿಸ್ತ್ರಿ ಆ ರಂಧ್ರಕ್ಕೆ ಬಿಳಿ ಅರಿವೆ ಸುತ್ತಿದ ತಂತಿಯನ್ನು ತೂರಿಸಿ ತೆಗೆದು ಹುಡುಗನ ಕೈಗೆ ಕೊಟ್ಟರು. ಅರಿವೆಗೆ ಧೂಳು ಹತ್ತಿತ್ತು, ಎಣ್ಣೆ ಹತ್ತಿರಲಿಲ್ಲ. ಇಪ್ಪತ್ತು ಸಾವಿರದ ತೀರ್ಪು ಆ ಅರಿವೆಯ ತುಂಡಿನ ಮುಂದೆ ಬಿದ್ದುಹೋಯಿತು.

ಕವರಿನ ಕೆಳಗಿನ ಪ್ಯಾಕಿಂಗನ್ನು ಬದಲಿಸಿದರೆ ಆಯಿತೆಂದು ಹುಡುಗ ಎದ್ದು ನಿಂತ. ಮಿಸ್ತ್ರಿ ಏಳಲಿಲ್ಲ. “ಪ್ಯಾಕಿಂಗ್ ಯಾಕ ಸೋರಿತು?” ಎಂದು ಕೇಳಿದರು. ನಮಗೆ ಆ ವೃದ್ಧರ ಮೇಲೆ ಗೌರವ ಹುಟ್ಟಿದ್ದು ಈ ಪ್ರಶ್ನೆಯಿಂದ. ಕಾರಣ ಸಿಕ್ಕಿತೆಂದು ನಿಲ್ಲುವವರು ಬಹಳ ಮಂದಿ. ಕಾರಣದ ಕಾರಣವನ್ನು ಕೇಳುವವರು ಅಪರೂಪ. ತಾರ್ಕಿಕರು ಕಾರಣವನ್ನು ನಿರ್ಣಯಿಸುವುದು ಅನ್ವಯ ವ್ಯತಿರೇಕಗಳಿಂದ: ಅದು ಇದ್ದರೆ ಇದು ಇದೆ, ಅದು ಇಲ್ಲದಿದ್ದರೆ ಇದೂ ಇಲ್ಲ. ಕುಂಬಾರನ ಮಣ್ಣು ಹೊತ್ತು ತಂದ ಕತ್ತೆ ಮಡಕೆ ಹುಟ್ಟುವ ಮುನ್ನ ಅಲ್ಲಿಯೇ ನಿಂತಿರಬಹುದು, ಆದರೂ ಅದು ಮಡಕೆಗೆ ಕಾರಣವಲ್ಲ, ಕತ್ತೆಯಿಲ್ಲದೆಯೂ ಮಡಕೆಯಾಗುತ್ತದೆ. ಹಳೆಯ ಪ್ಯಾಕಿಂಗು ಇಲ್ಲಿ ಕತ್ತೆಯೋ ಕುಂಬಾರನೋ ಎಂಬುದನ್ನು ಮಿಸ್ತ್ರಿ ಪರೀಕ್ಷಿಸಿದ ಬಗೆಯನ್ನು ನೋಡಿರಿ. ಎಂಜಿನ್ ನಡೆಯುತ್ತಿರುವಾಗ ಎಣ್ಣೆ ಸುರಿಯುವ ಬಾಯಿಯ ಮುಚ್ಚಳವನ್ನು ಸಡಿಲಿಸಿ ಮೇಲೆ ಸುಮ್ಮನೆ ಇಟ್ಟರು. ಮುಚ್ಚಳ ಕುಣಿಯತೊಡಗಿತು, ಒಳಗಿನಿಂದ ಬುಸುಬುಸು ಗಾಳಿ ಹೊರಟಿತು; ಹಿಂದಿನ ಮೂಲೆಯನ್ನು ಒರೆಸಿ ನೋಡಿದರೆ ಎಣ್ಣೆಯ ಗೆರೆ ನಿಂತಿತ್ತು. ಮುಚ್ಚಳವನ್ನು ಬಿಗಿದರು, ಸ್ವಲ್ಪ ಹೊತ್ತಿಗೆ ಗೆರೆ ಮತ್ತೆ ಮೂಡಿತು. ಹೀಗೆ ಮೂರು ಸಲ. ತರ್ಕದ ಪಾಠವನ್ನು ನಾವು ಅನೇಕ ವರ್ಷ ಹೇಳಿದ್ದೇವೆ. ಇಷ್ಟು ಸ್ವಚ್ಛವಾದ ಉದಾಹರಣೆ ನಮಗೆ ಪಾಠಶಾಲೆಯಲ್ಲಿ ಸಿಕ್ಕಿರಲಿಲ್ಲ.

ಆಗಿದ್ದದ್ದು ಇಷ್ಟು. ಎಂಜಿನ್ ನಡೆಯುವಾಗ ಉರಿಯ ಒತ್ತಡದಿಂದ ಸ್ವಲ್ಪ ಗಾಳಿ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಇದು ಹೊಸ ಎಂಜಿನ್ನಿನಲ್ಲಿಯೂ ಉಂಟು. ಆ ಗಾಳಿ ಹೊರಹೋಗಲೆಂದು ಬ್ರೀದರ್ ಎಂಬ ನಳಿಗೆಯನ್ನು ಇಟ್ಟಿರುತ್ತಾರೆ. ರಾಶಿಯ ಹೊಟ್ಟು, ಧೂಳು, ಎಣ್ಣೆಯ ಹಬೆ ಕೂಡಿ ಅದು ಕಟ್ಟಿಕೊಂಡರೆ ಗಾಳಿ ಒಳಗೇ ಸಿಕ್ಕಿ, ಎಲ್ಲಿ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಇಂದು ಪ್ಯಾಕಿಂಗು, ಅದನ್ನು ಬಿಗಿದರೆ ನಾಳೆ ನಿಜವಾಗಿಯೂ ಹಿಂದಿನ ಸೀಲು. ಟ್ರ್ಯಾಕ್ಟರನ್ನು ಎರಡು ಭಾಗ ಮಾಡಿ ಹೊಸ ಸೀಲನ್ನು ಹಾಕಿದ್ದರೂ ಸೋರಿಕೆ ನಿಲ್ಲುತ್ತಿರಲಿಲ್ಲ. “ಉಸಿರು ಕಟ್ಟೈತಿ” ಎಂದರು ಮಿಸ್ತ್ರಿ. ಯಂತ್ರಗಳ ಭಾಗಗಳಿಗೆ ಪಂಡಿತರು ಕುಳಿತು ಸಂಸ್ಕೃತದಲ್ಲಿ ಹೆಸರಿಟ್ಟ ಪಟ್ಟಿಗಳನ್ನು ನಾವು ಕಂಡಿದ್ದೇವೆ. ಯಾವ ಗ್ಯಾರೇಜಿನಲ್ಲಿಯೂ ಅವುಗಳಲ್ಲಿ ಒಂದನ್ನೂ ಕೇಳಿಲ್ಲ. ಬ್ರೀದರಿಗೆ ಉಸಿರುನಳಿಗೆ ಎಂದರೆ ಆರು ವರ್ಷದ ಮಗುವಿಗೂ ಕೆಲಸ ತಿಳಿಯುತ್ತದೆ.

ನಳಿಗೆಯನ್ನು ತೆಗೆದು ತಂತಿ ಹಾಯಿಸಿದಾಗ ಕರಿಯ ಅಂಟಿನಲ್ಲಿ ಹೂತ ಹೊಟ್ಟು ಬೆರಳುದ್ದ ಹೊರಬಂತು. ಡೀಸೆಲ್ಲಿನಲ್ಲಿ ತೊಳೆದು ಊದಿ ಮತ್ತೆ ಕೂಡಿಸಿದರು. ಇಲ್ಲಿ ಇನ್ನೊಂದು ಎಚ್ಚರ ಬೇಕು. ಉಸಿರುನಳಿಗೆ ಬಿಡುವಾದ ಮೇಲೆಯೂ ಅದರಿಂದ ಹೊಗೆ ದಟ್ಟವಾಗಿ ಬುಸುಗುಟ್ಟುತ್ತಿದ್ದರೆ ರಿಂಗುಗಳೇ ಸವೆದಿವೆ ಎಂದು ತಿಳಿಯಬೇಕು. ಅದು ಬೇರೆಯ, ದೊಡ್ಡ ಚಿಕಿತ್ಸೆ. ನಮ್ಮಲ್ಲಿ ತೆಳುವಾದ ಹಬೆಯಷ್ಟೇ ಬಂದಿತು.

ಅನಂತರ ಕವರನ್ನು ಬಿಚ್ಚಿದರು. ಹಿಂದೆ ಯಾರೋ ಹಳೆಯ ಪ್ಯಾಕಿಂಗಿನ ಮೇಲೆಯೇ ಅಂಟು ಬಳಿದು ಬೋಲ್ಟುಗಳನ್ನು ಬಲವಾಗಿ ಬಿಗಿದಿದ್ದರು. ತಗಡಿನ ಕವರು ಬೋಲ್ಟಿನ ತೂತುಗಳ ಸುತ್ತ ತಟ್ಟೆಯಂತೆ ತಗ್ಗಿ, ತೂತುಗಳ ನಡುವೆ ಉಬ್ಬಿತ್ತು. ಬಿಗಿದಷ್ಟೂ ಸೋರಿಕೆ ನಿಲ್ಲುತ್ತದೆಂಬುದು ಜನರ ನಂಬಿಕೆ. ನಿಜದಲ್ಲಿ ಪ್ಯಾಕಿಂಗು ಹಿಂಡಿ ಹೊರಬರುತ್ತದೆ, ಅಂಚು ಸೊಟ್ಟಗಾಗುತ್ತದೆ. ಮಿಸ್ತ್ರಿ ಕವರಿನ ಅಂಚನ್ನು ಸಪಾಟಾದ ಹಲಗೆಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸಮ ಮಾಡಿದರು. ಹಳೆಯ ಅಂಟನ್ನು ಮೊಂಡು ಪಟ್ಟಿಯಿಂದ ಕೆರೆಯುವಾಗ ಚೂರುಗಳು ಎಂಜಿನ್ನಿನ ಒಳಗೆ ಬೀಳದಂತೆ ಸುತ್ತ ಬಟ್ಟೆ ತುರುಕಿದರು. ಹೊಸ ಪ್ಯಾಕಿಂಗು ಮುನ್ನೂರು ರೂಪಾಯಿಯ ಒಳಗೆ. ಅದನ್ನು ಒಣದಾಗಿಯೇ ಕೂಡಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಒಂದಾದ ಮೇಲೆ ಎದುರಿನದು ಎಂಬಂತೆ, ಮೂರು ಸುತ್ತಿನಲ್ಲಿ ಬಿಗಿಸಿದರು. ಸಣ್ಣ ಪಾನವನ್ನು ಎರಡು ಬೆರಳಿನಲ್ಲಿ ಹಿಡಿಯುವಂತೆ ಹುಡುಗನಿಗೆ ಹೇಳಿದರು. ಮುಷ್ಟಿ ಕಟ್ಟಿದರೆ ಕೈಗೆ ಒಂದು ಏಟು. ಅರ್ಧ ಗಂಟೆ ನಡೆಸಿ, ಪೂರ್ತಿ ಆರಿಸಿ, ಮತ್ತೊಮ್ಮೆ ಕೈಯಾಡಿಸಿದರು. ಎಲ್ಲ ಕೂಡಿ ಎರಡು ದಿನ. ಅದರಲ್ಲಿ ಬಿಚ್ಚಿ ಕೂಡಿಸಿದ ಹೊತ್ತು ಎರಡು ಗಂಟೆಯೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಟ್ರ್ಯಾಕ್ಟರು ಎಡೆಗೆ ಹೋಯಿತು. ಆ ಹಂಗಾಮಿನಲ್ಲಿ ಬಾಕಿಯ ಎರಡು ಕಂತು ತೀರಿದವು.

ಕೆಲಸ ಮುಗಿದ ಮೇಲೆ ಮಿಸ್ತ್ರಿ ತಮ್ಮ ಎಡಗೈಯ ತೋರುಬೆರಳನ್ನು ಹುಡುಗನಿಗೆ ತೋರಿಸಿದರು; ಅದರ ತುದಿ ಇಲ್ಲ. ಯೌವನದಲ್ಲಿ ಡೀಸೆಲ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ಹುಡುಕಹೋದದ್ದರ ಫಲವದು. ಓದುಗ ಬಂಧುಗಳು ಇದನ್ನು ಮನೆಯ ಹುಡುಗರಿಗೆ ತಪ್ಪದೆ ಹೇಳಬೇಕು. ಎಂಜಿನ್ನಿನ ಎಣ್ಣೆಯ ಸೋರಿಕೆ ಮಂದಗತಿಯದು, ಮುಟ್ಟಿದರೆ ಕೈ ಹೊಲಸಾದೀತು ಅಷ್ಟೆ. ಆದರೆ ಇಂಜೆಕ್ಟರಿನ ಪೈಪಿನಲ್ಲಿಯೂ ಎತ್ತುಗೈಯ ಹೈಡ್ರಾಲಿಕ್ ಪೈಪಿನಲ್ಲಿಯೂ ಇರುವ ಒತ್ತಡ ಬೇರೆ ಜಾತಿಯದು. ಸೂಜಿಮೊನೆಯಷ್ಟು ತೂತಿನಿಂದ ಕಣ್ಣಿಗೆ ಕಾಣದಂತೆ ಚಿಮ್ಮುವ ಎಳೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ, ಒಳಗೆ ಮಾಂಸ ಕೊಳೆಯುವ ವಿಷ. ಅಂಥ ಕಡೆ ರಟ್ಟಿನ ತುಂಡನ್ನು ಹಿಡಿದು ನೋಡಬೇಕೇ ಹೊರತು ಕೈಯನ್ನಲ್ಲ. ಚುಚ್ಚಿದಂತಾದರೆ ನೋವು ಇಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಹಾಗೆಯೇ ಎತ್ತಿ ನಿಲ್ಲಿಸಿದ ರೋಟಾವೇಟರಿನ ಕೆಳಗೆ ತಲೆ ತೂರಿಸಿ ಸೋರಿಕೆ ನೋಡುವುದೂ ಸಲ್ಲದು. ಕೆಳಗೆ ಮರದ ದಿಮ್ಮಿಯ ಆಸರೆ ಇರಲೇಬೇಕು.

ಹಿಂದಿನ ಬಲಗಾಲಿಯ ಅಚ್ಚಿನ ಬಳಿ ಕೂಡ ಎಣ್ಣೆಯ ಪಸೆ ಇತ್ತು. ಅದನ್ನು ಮುಟ್ಟಲು ಮಿಸ್ತ್ರಿ ಒಪ್ಪಲಿಲ್ಲ. “ಅದು ಬೆವರು, ಹನಿ ಅಲ್ಲ” ಎಂದರು. ಒರೆಸಿದ ಮೇಲೆ ಒಂದು ದಿನದ ಕೆಲಸಕ್ಕೆ ಹನಿ ಕಟ್ಟದೆ ಕೇವಲ ಧೂಳು ಹತ್ತುವಷ್ಟು ಪಸೆಯಾದರೆ ಅದು ಬೆವರು. ಮಟ್ಟ ನೋಡುತ್ತಿದ್ದರೆ ಸಾಕು. ಆದರೆ ಆ ಪಸೆ ಬ್ರೇಕಿನ ಒಳಗೆ ಇಳಿದು ಹಿಡಿತ ಸಡಿಲವಾದರೆ ಒಂದು ದಿನವೂ ತಡೆಯಬಾರದು ಎಂದೂ ಹೇಳಿದರು.

ಅಂದಿನಿಂದ ಹುಡುಗ ಒಂದು ನೂರು ಪುಟದ ನೋಟುಪುಸ್ತಕವನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಮೊದಲ ಪುಟವನ್ನು ಮಿಸ್ತ್ರಿ ಹೇಳಿದಂತೆ ನಾವೇ ಬರೆದುಕೊಟ್ಟೆವು. ಅವರಿಗೆ ಬರೆಯಲು ಬಾರದು, ನಮಗೆ ಪಾನ ಹಿಡಿಯಲು ಬಾರದು. ಎಣ್ಣೆ ಬದಲಿಸಿದಾಗಲೆಲ್ಲ ಉಸಿರುನಳಿಗೆಯನ್ನು ತೊಳೆಯುವುದು, ತಿಂಗಳಿಗೊಮ್ಮೆ ರಾತ್ರಿ ರಟ್ಟು ಹಾಸುವುದು, ಮೀಟರಿನ ಗಂಟೆಗಳನ್ನು ಎದುರಿಗೆ ಬರೆಯುವುದು. 2025ರ ಸುಗ್ಗಿಯವರೆಗಿನ ಪುಟಗಳನ್ನು ನಾವು ನೋಡಿದ್ದೇವೆ. ಎಂಜಿನ್ನಿನ ಕೆಳಗಿನ ರಟ್ಟು ಬಿಳಿಯಾಗಿಯೇ ಉಳಿದಿದೆ. ಹಿಂದಿನ ಅಚ್ಚಿನ ಬೆವರು ಮಾತ್ರ ಈಗ ವಾರಕ್ಕೆ ಎರಡು ಹನಿಯಾಗಿದೆ. ಅದರ ಸೀಲನ್ನು ತಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಟಾಯರು ಬದಲಿಸಲು ಗಾಲಿ ಇಳಿಸುವಾಗ ಹಾಕುವುದೆಂದು ಮಿಸ್ತ್ರಿಯವರ ಅಪ್ಪಣೆಯಾಗಿದೆ.